ಕ್ಷೇಮ ಸಮಾಚಾರ

ಹೊಳೆಯಲ್ಲಿ ನೆಟ್ಟ ಅಳತೆಗಂಬದ ಅಪಾಯದ ಕೆಂಪು ಪಟ್ಟಿಯನ್ನು ನೀರು ಮುಟ್ಟಿದಾಗ ಬೆಳಗಿನ ಒಂಬತ್ತು ಗಂಟೆ. ಕಂಬ ಕಾಯುವ ಎಸ್ನಾತಿ ಗಡಿಬಿಡಿಯಿಂದ ಫೋನು ತೆಗೆದಳು. ಮುಲಾಂಜೆ ಬೆಟ್ಟದ ಮೇಲೆ ಮೂರು ದಿನದಿಂದ ಹುಯ್ಯುತ್ತಿದ್ದ ಮಳೆ ಕೆಳಗಿನ ಬಯಲಿಗೆ ನುಗ್ಗಲು ನಾಲ್ಕು ಗಂಟೆ ಸಾಕು. ಬಿಸಿಲಿಲ್ಲದೆ ಸೋಲಾರ್ ಮಲಗಿತ್ತು. ಫೋನಿನಲ್ಲಿ ಉಳಿದಿದ್ದದ್ದು ಒಂದೇ ಗೆರೆ ಚಾರ್ಜು.

ಕೆಳಗಿನೂರಲ್ಲಿ ಫೋನು ಎತ್ತಿದವನು ಊರ ಯಜಮಾನ ಸಿನೋಸಿ, ಅವಳ ಗಂಡನ ಅಪ್ಪ. ಮಾವನ ದನಿ ಕೇಳಿದ್ದೇ ತಡ, ಎಸ್ನಾತಿ ಕೆಸರಿನಲ್ಲೇ ಮಂಡಿಯೂರಿದಳು. ಫೋನಿನಲ್ಲಿ ಮಂಡಿ ಯಾರಿಗೆ ಕಾಣುತ್ತದೆ? ಆದರೂ ಮಾವನ ಜೊತೆ ನಿಂತುಕೊಂಡು ಮಾತಾಡುವ ಸೊಸೆ ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

“ಚೆನ್ನಾಗಿ ಎದ್ರಾ ಮಾವ?”

“ನೀನು ಚೆನ್ನಾಗಿ ಎದ್ದಿದ್ರೆ ನಾನೂ ಎದ್ದ ಹಾಗೇ ತಾಯಿ.”

“ಅತ್ತೆ ಕಾಲುನೋವು ಹೇಗಿದೆ?”

“ಕಾಲಿಗೇ ನೋವು, ಬಾಯಿಗೇನೂ ಆಗಿಲ್ಲ. ಒಲೆ ಮುಂದೆ ಕೂತು ನನ್ನ ಬಯ್ತಿದ್ದಾಳೆ. ಮಕ್ಕಳು?”

“ಚೆನ್ನಾಗಿದ್ದಾರೆ. ಮೇಕೆಗಳು?”

“ಕರಿ ಮೇಕೆ ಎರಡು ಮರಿ ಹಾಕ್ತು.”

“ಒಳ್ಳೇದಾಯ್ತು ಮಾವ. ಈಗ ಒಂದು ಮಾತು...”

ಫೋನು ಸತ್ತಿತು.

‘ಮೊದಲು ಬಣ್ಣ ಹೇಳಿ, ಮಿಕ್ಕಿದ್ದೆಲ್ಲ ಆಮೇಲೆ’ ಎಂದು ತರಬೇತಿಯಲ್ಲಿ ಬಡಕೊಂಡಿದ್ದರು. ‘ಕೆಂಪು’ ಅನ್ನಲು ಎಷ್ಟು ಹೊತ್ತು ಬೇಕಿತ್ತು? ಎದ್ದು ಬಿದ್ದು ಓಡಿ ಅಂಗಡಿಯವನ ಫೋನು ಕಸಿದುಕೊಂಡಳು. ಅಷ್ಟರಲ್ಲಿ ಗಾಳಿಗೆ ಟವರ್ ಉರುಳಿ, ಸಿಗ್ನಲ್ಲೇ ಇರಲಿಲ್ಲ. ಕೆಳಗಿನೂರಿಗೆ ಹೋಗುವ ದಾರಿಯೂ ಮಳೆಗೆ ಕುಸಿದಿತ್ತು.

ದಾರಿ ತೆರೆಯಲು ಹನ್ನೊಂದು ದಿನ ಹಿಡಿಯಿತು. ಎಸ್ನಾತಿ ಹೋದಾಗ ಸಿನೋಸಿ ಮನೆಯಿದ್ದ ಜಾಗದಲ್ಲಿ, ಮಾವಿನಮರದ ಬುಡದಲ್ಲಿ ಕೂತಿದ್ದ. ಎರಡು ದಿನ ಅದೇ ಮರದ ಕೊಂಬೆ ಅವನನ್ನು ಉಳಿಸಿತ್ತು. ಕಾಲುನೋವಿನ ಹೆಂಡತಿಗೆ ಮರ ಹತ್ತಲಾಗಿರಲಿಲ್ಲ.

ಎಸ್ನಾತಿ ಮಂಡಿಯೂರಿದಳು. ಈ ಸಲ ಕ್ಷೇಮ ವಿಚಾರಿಸಲಿಲ್ಲ.

“ತಪ್ಪಾಯ್ತು ಮಾವ. ನೀರು ಬರ್ತಿದೆ ಅಂತ ಹೇಳೋಕೇ ಅವತ್ತು ಫೋನ್ ಮಾಡಿದ್ದು. ಮೊದಲೇ ಹೇಳಿಬಿಡ್ಬೇಕಿತ್ತು.”

ಮುದುಕ ತಲೆಯೆತ್ತಿದ.

“ಅದಕ್ಕಾ ಮಾಡಿದ್ದು?” ಎಂದ. “ನಿಮ್ಮತ್ತೆ, ‘ನನ್ನ ಕಾಲುನೋವು ಕೇಳೋಕೇ ಅಂತ ಫೋನ್ ಮಾಡಿದ್ಲು ನೋಡಿ, ಎಂಥಾ ಸೊಸೆ’ ಅಂತ ನೀರು ಬರೋವರೆಗೂ ಹೊಗಳ್ತಾನೇ ಇದ್ಲಲ್ಲೇ ತಾಯಿ.”