ಕಟ್ಟಿಹಾಕಿದ ಎಮ್ಮೆ

"ಎರಡನೇ ಪುಟದ ಟೇಲರ್ ಆಮೇಲೆ ಏನಾದ?" ಎಂದು ಕೇಳಿ ಸಂಪಾದಕರು ನನ್ನ ಕಾದಂಬರಿಯನ್ನು ಮತ್ತೆ ವಾಪಸು ಕಳಿಸಿದ್ದಾರೆ, ಆ ಸಿಟ್ಟಿನಲ್ಲಿ ಒಲೆಯ ಮೇಲಿದ್ದ ಮೆಣಸಿನಕಾಯಿ ಸೀಯಿಸಿಬಿಟ್ಟೆ, ಘಾಟಿಗೆ ಬ್ಯಾಡಗಿಯ ನಮ್ಮ ಪಡಸಾಲೆ ನೆನಪಾಯಿತು.

ಒಂದು ಮಧ್ಯಾಹ್ನ ಅಜ್ಜಿ, ಪಕ್ಕದ ಮನೆಯ ಮಾಬೂಬಿ ಚಿಗವ್ವ ಮತ್ತು ನಾನು ಗೋಣಿತಟ್ಟಿನ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆವು. ನಾಲ್ಕನೇ ಇಯತ್ತೆಯಲ್ಲಿದ್ದ ನಾನು ಕೆಲಸ ಬಿಟ್ಟು, ನಾನೇ ಬರೆದ ಮೊದಲ ಕಥೆಯನ್ನು ಅವರಿಗೆ ಓದಿ ಹೇಳಿದೆ. ರಾಜಕುಮಾರಿಯ ಮನೆ ಮುಂದೆ ಎಮ್ಮೆ ಕಟ್ಟಿತ್ತು. ರಾಕ್ಷಸ ಬಂದ, ರಾಜಕುಮಾರ ಬಂದ, ಯುದ್ಧವಾಯಿತು, ಧಾಂಧೂಂ ಮದುವೆಯೂ ಆಯಿತು.

"ಎಮ್ಮಿ?" ಎಂದಳು ಅಜ್ಜಿ.

"ಅದನ್ನ ಸುಮ್ಮನ ಚೆಂದ ಕಾಣ್ಲಿ ಅಂತ ಬರದೇನಿ."

"ಚೆಂದಕ್ಕ ಯಾರರ ಎಮ್ಮಿ ಕಟ್ತಾರೇನವ್ವಾ? ಯುದ್ಧ ಮುಗಿಯೂತನಾ ಅದು ಬಿಸಲಾಗ ನಿಂತೈತಲ್ಲ!"

"ಹಾಲರ ಹಿಂಡಿದ್ರೋ ಇಲ್ಲೋ? ಕೆಚ್ಚಲ ಬಾತಿರತೈತಿ, ಪಾಪ," ಎಂದಳು ಮಾಬೂಬಿ ಚಿಗವ್ವ.

"ಹಗ್ಗ ಹರಕೊಂಡು ಓಡಿ ಹೋತು!" ಎಂದು ಚೀರಿದೆ.

"ಎಲ್ಲಿಗೆ ಹೋತು? ಯಾರ ಹೊಲಾ ಮೇಯ್ತು?" ಎಂದಳು ಅಜ್ಜಿ.

ನನಗೆ ಅಳುವೇ ಬಂತು. ತೊಟ್ಟು ಮುರಿದ ಕೈಯಿಂದಲೇ ಕಣ್ಣೊರೆಸಿಕೊಂಡು, ಉರಿ ತಾಳದೆ ಇನ್ನಷ್ಟು ಅತ್ತೆ. ಅಜ್ಜಿ ಎದ್ದು ಹೋಗಿ ಕೈ ತೊಳೆದುಕೊಂಡು, ತಂಬಿಗೆಯಲ್ಲಿ ನೀರು ತಂದು ನನ್ನ ಕಣ್ಣು ತೊಳೆದಳು. ಉಳಿದ ನೀರನ್ನು ಚೆಲ್ಲದೆ, ತಂಬಿಗೆಯನ್ನು ನನ್ನ ಮುಂದಿಟ್ಟಳು.

"ಮೊದಲ ಆ ಎಮ್ಮಿಗೆ ನೀರು ಕುಡಿಸಿ ಬಾ. ಆಮ್ಯಾಲ ಮದುವಿ ಮಾಡೂಣಂತ."