ಬಾಡಿಗೆ ಗೌನು

ಗಂಗಾವತಿ ದಾರಿಯಲ್ಲೊಂದು ಎಂಬಿಎ ಕಾಲೇಜಿತ್ತಂತೆ, ಅದಕ್ಕೆ ಇಡೀ ಲೋಕದಿಂದ ಒಬ್ಬಳೇ ಹುಡುಗಿ ಬಂದಿದ್ದಳಂತೆ: ಮಲಾವಿ ದೇಶದ ಚಿಸೋಮೊ. ಕಾಲೇಜಿನ ರ‍್ಯಾಂಕಿಂಗ್ ಅರ್ಜಿಯಲ್ಲಿ ‘ವಿದೇಶಿ ವಿದ್ಯಾರ್ಥಿಗಳು’ ಅಂದರೆ ಅವಳೊಬ್ಬಳೇ. ಪದವಿ ಪಡೆದು ಅವಳು ಊರಿಗೆ ಹೊರಟ ದಿನ, ಕಾರು ಗೇಟಿನಲ್ಲಿ ನಿಂತಿದ್ದರೂ, ಮೆಸ್ಸಿನ ಹಂಪವ್ವ ಮಾತ್ರ ಉಡಿಯಕ್ಕಿಯ ಮೊರ ಹಿಡಿದು ಕಂಗಾಲಾಗಿ ನಿಂತಿದ್ದಳು.

“ಹೋಗೋ ದಿನ ಮಗಳಂಗ ಉಡಿ ತುಂಬಿ ಕಳಸ್ತೀನಿ” ಎಂದು, ಬಂದ ಹೊಸತರಲ್ಲಿ ಅಳುತ್ತಿದ್ದ ಹುಡುಗಿಗೆ ಬಿಸಿ ರೊಟ್ಟಿ ಬಡಿಸುತ್ತ ಹಂಪವ್ವ ಮಾತು ಕೊಟ್ಟಿದ್ದಳು. ಅರಿಶಿನ ಬೆರೆಸಿದ ಅಕ್ಕಿ, ಕೊಬ್ಬರಿ ಬಟ್ಟಲು, ಖಣ ಎಲ್ಲ ತಂದಿದ್ದಳು. ಆದರೆ ಪ್ಯಾಂಟು ತೊಟ್ಟವಳಿಗೆ ಉಡಿಯೊಡ್ಡಲು ಸೆರಗು ಎಲ್ಲಿಂದ ಬರಬೇಕು?

“ಹಂಪವ್ವ, ಆಕಿನ್ನ ಲಗೂ ಕಳಸಬೇ, ರ‍್ಯಾಂಕಿಂಗಿಗೆ ಫೋಟೋ ತೆಗೀಬೇಕು,” ಕಾಲೇಜಿನ ನಿರ್ದೇಶಕರು ಕೂಗಿದರು.

“ತಡೀರಿ ಸರ, ತವರಿಂದ ಹೊಂಟಾಳ ಹುಡುಗಿ. ಬರೀ ಉಡೀಲೆ ಕಳಸಾಕ ಬರ್ತೈತೇನು?”

ಚಿಸೋಮೊ ಪ್ಯಾಂಟಿನ ಮೇಲೆ ತೊಟ್ಟಿದ್ದ ಪದವಿ ಸಮಾರಂಭದ ಕಪ್ಪು ಗೌನಿನ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಹರವಿದಳು. “ಇದರಾಗ ಹಾಕು, ಯವ್ವಾ.” ಹಂಪವ್ವ ಬೊಗಸೆ ಬೊಗಸೆ ಅಕ್ಕಿ ಸುರಿಯತೊಡಗಿದಳು.

“ಅಯ್ಯ, ಬಾಡಿಗಿ ಗೌನದು! ಅರಿಷಿಣ ಹತ್ತತೈತಿ!” ಎನ್ನುತ್ತ ಓಡಿ ಬಂದ ನಿರ್ದೇಶಕರು, ಅಕ್ಕಿಯ ಭಾರಕ್ಕೆ ಜಾರುತ್ತಿದ್ದ ತುದಿಯನ್ನು ಕಂಡು ತಾವೇ ಹಿಡಿದುಕೊಂಡರು. ಹಂಪವ್ವ ಐದನೆಯ ಬೊಗಸೆಯನ್ನೂ ಸುರಿದಳು.