ಕೆಟ್ಟುಹೋದ ಹಿಂದೀಪಗಳು

ಸೈಕಲ್ಲಿನ ರಾಡಾರ್ ಹಿಂದೀಪವನ್ನೂ ಹ್ಯಾಂಡಲ್ಲಿನ ಅದರ ಪುಟ್ಟ ಅಲಾರಂ ಪೆಟ್ಟಿಗೆಯನ್ನೂ ಬಿಚ್ಚಿ ರಿಪೇರಿ ಅಂಗಡಿಯ ಮೇಜಿನ ಮೇಲೆ ಕುಕ್ಕಿ, "ಇದು ಸತ್ತಿದೆ," ಎಂದಳು ಮಗ್ಗದಾಕೆ. "ಹಿಂದಿಂದ ಗಾಡಿ ಬಂದ್ರೆ ಕೂಗಿ ಹೇಳ್ಬೇಕು ತಾನೆ? ತಂದ ಹೊಸದ್ರಲ್ಲಿ ಕಿವಿ ಕಿತ್ತುಹೋಗೋ ಹಾಗೆ ಕೂಗ್ತಿತ್ತು. ಮೊನ್ನೆ ಲಾರಿ ಮೊಣಕೈ ಸವರ್ಕೊಂಡು ಹೋಯ್ತು, ಇದು ತುಟಿ ಪಿಟಕ್ಕೆನ್ನಲಿಲ್ಲ. ಆ ಹೊಸ ಮಾಡೆಲ್ ತೋರ್ಸಪ್ಪ."

ಸೈಕಲ್ ರಿಪೇರಿಯವನು ಹಳೆಯ ದೀಪವನ್ನು ರಸ್ತೆಯ ಕಡೆ ತಿರುಗಿಸಿಟ್ಟ. ಒಂದು ವ್ಯಾನು ಬಂತು. ಜೊತೆಗೆ ಬಂದಿದ್ದ ಮಗಳು ಬೆಚ್ಚಿ ಪೆಟ್ಟಿಗೆಯ ಕಡೆ ನೋಡಿದಳು. ಇನ್ನೊಂದು ಬಂತು. "ನೋಡಿದ್ಯಾ? ಜೀವ ಇಲ್ಲ ಅದಕ್ಕೆ," ಎಂದಳು ಮಗ್ಗದಾಕೆ, ವಾದ ಗೆದ್ದವಳ ಹಾಗೆ.

ಮಗಳೂ ರಿಪೇರಿಯವನೂ ಮುಖ ಮುಖ ನೋಡಿಕೊಂಡರು. ಅವನು ಬಗ್ಗಿ, ಮೇಜಿನ ಕೆಳಗೆ ಏನೋ ಹುಡುಕುವವನಂತೆ, "ಅಕ್ಕಾ, ಮಗ್ಗದ ಕೆಲ್ಸಕ್ಕೆ ಸೇರಿ ಎಷ್ಟು ವರ್ಷ ಆಯ್ತು?" ಎಂದ. ಉತ್ತರವಿಲ್ಲ. ತಲೆಯೆತ್ತಿ ಅದನ್ನೇ ಕೇಳಿದ. "ಇಪ್ಪತ್ತೆರಡು," ಎಂದಳು ಥಟ್ಟನೆ, ಅವನ ತುಟಿಯಿಂದ ಕಣ್ಣು ಕೀಳದೆ.

ಗಿರಣಿಯ ಮಗ್ಗದ ಶೆಡ್ಡಿನಲ್ಲಿ ಎಲ್ಲರೂ ಮಾತಾಡುವುದು ಹಾಗೇ. ಎಂಬತ್ತು ಮಗ್ಗಗಳ ಆರ್ಭಟದಲ್ಲಿ ದನಿ ಇದ್ದರೇನು, ಬಿಟ್ಟರೇನು? ತುಟಿ ಆಡಿಸಿದರೆ ಸಾಕು, ಮೇಸ್ತ್ರಿಯ ಬೆನ್ನ ಹಿಂದೆಯೇ ನಿಂತು ಅವನ ವಂಶ ಜಾಲಾಡಬಹುದು. ಮಗಳಿಗೂ ಹುಟ್ಟಿದಾಗಿನಿಂದ ಅಮ್ಮನ ಮುಖಕ್ಕೆ ಮುಖ ಕೊಟ್ಟೇ ಮಾತಾಡಿ ರೂಢಿ. ಹಾಗಾಗಿ ಕಿವಿ ಯಾವತ್ತು ಕೈಕೊಟ್ಟಿತೋ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಈಗ ಮಗಳು ಅಮ್ಮನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಅಮ್ಮಾ, ಅದು ಕೂಗ್ತಾನೇ ಇದೆ."

ಮಗ್ಗದಾಕೆ ಪೆಟ್ಟಿಗೆಯನ್ನು ಎತ್ತಿ ಕಿವಿಗೆ ಒತ್ತಿಕೊಂಡಳು. "ವರ್ಷ ವರ್ಷ ಕಿವಿ ಪರೀಕ್ಷೆ ಮಾಡ್ತಾರಲ್ಲ, ಪಾಸಾಗ್ತಿದ್ಯಲ್ಲ ನೀನು?" ಎಂದಳು ಮಗಳು.

"ಸದ್ದು ಬಿಡೋಕೆ ಆ ಪರೀಕ್ಷೆಯವನು ಗುಂಡಿ ಒತ್ಬೇಕಲ್ಲ, ಆಗ ಅವನ ಭುಜ ಅಲ್ಲಾಡೋದು ಗಾಜಲ್ಲಿ ಕಾಣುತ್ತೆ. ನಾವು ಕೇಳಿಸ್ತು ಅಂತ ಕೈ ಎತ್ತಿಬಿಡ್ತೀವಿ. ಏನೋ ಸ್ವಲ್ಪ ಮಂದ ಇರ್ಬೇಕು ಅಂದ್ಕೊಂಡಿದ್ದೆ. ಫೇಲಾದ್ರೆ ಮನೆಗೆ ಕಳಿಸ್ತಾರೆ ಕಣೇ." ಹೀಗೆ ಶೆಡ್ಡಿಗೆ ಶೆಡ್ಡೇ ಪಾಸು. ಇಲ್ಲಿ ಯಾರ ಕಿವಿಗೂ ಹಾನಿಯಿಲ್ಲ ಎಂಬ ಪ್ರಮಾಣಪತ್ರಕ್ಕೆ ಮಾಲೀಕರು ಚೌಕಟ್ಟು ಹಾಕಿಸಿ ಗೇಟಿನಲ್ಲಿ ತೂಗುಹಾಕಿದ್ದರು. ದಿನಕ್ಕೆ ಲಾರಿಗಟ್ಟಲೆ ಹತ್ತಿ ನುಂಗುವ ಆ ಗಿರಣಿಯಲ್ಲಿ, ಕಿವಿಗಿಟ್ಟುಕೊಳ್ಳಿ ಎಂದು ಒಂದು ಚಿಟಿಕೆ ಹತ್ತಿ ಕೊಟ್ಟವರಿರಲಿಲ್ಲ.

ರಿಪೇರಿಯವನು ಹೊಸ ಮಾಡೆಲನ್ನು ಅವಳ ಸೈಕಲ್ಲಿಗೆ ಸಿಕ್ಕಿಸಿ ಅವಳ ಅಂಗೈಯನ್ನು ಹಿಡಿಕೆಯ ಮೇಲಿಟ್ಟ. ಗಾಡಿ ಬಂದಾಗ ಹಿಡಿಕೆ ಸಣ್ಣಗೆ ನಡುಗಿತು. ಅವಳ ಮುಖ ಅರಳಿತು. "ಇದು ಕೂಗಲ್ಲ ಅಕ್ಕಾ, ಕೈಗೇ ಹೇಳುತ್ತೆ. ಬೇರೆ ಯಾರಿಗೂ ಗೊತ್ತಾಗಲ್ಲ."

"ತಗೊಂಡ್ಬಿಡು ಅಮ್ಮಾ," ಎಂದಳು ಮಗಳು. "ಜೀವಾನೂ ಉಳಿಯುತ್ತೆ, ಕೆಲಸಾನೂ ಉಳಿಯುತ್ತೆ."

ಅವಳು ಹೂಂ ಅನ್ನುವುದರಲ್ಲಿದ್ದಳು. ಅಷ್ಟರಲ್ಲಿ ರಿಪೇರಿಯವನು ಅವಳ ಹಳೆಯ ದೀಪವನ್ನು ಹಾಕಲು ಒಂದು ರಟ್ಟಿನ ಡಬ್ಬ ಎಳೆದ. ಒಳಗೆ ಆಗಲೇ ಆರು ದೀಪಗಳೂ ಅವುಗಳ ಪೆಟ್ಟಿಗೆಗಳೂ ಇದ್ದವು. "ಎಲ್ಲಾ ನಿಮ್ಮ ಶೆಡ್ಡಿನವರದ್ದೇ. ಸತ್ತಿದೆ ಅಂತ ಬಿಟ್ಟು ಹೋದ್ರು. ಒಂದೂ ಸತ್ತಿಲ್ಲ. ಯಾಕೆ ಹಾಗಂದ್ರು ಅಂತ ನಂಗೂ ಇವತ್ತೇ ಹೊಳೆದದ್ದು."

ಅವಳು ಹಸಿರು ನೂಲು ಸುತ್ತಿದ ಒಂದನ್ನು ಕೈಗೆತ್ತಿಕೊಂಡಳು. "ಇದು ನಮ್ಮ ಗುಬ್ಬಚ್ಚೀದು. ಪಕ್ಕದ ಮಗ್ಗದ ಹುಡುಗಿ. ಸೇರಿ ಮೂರು ವರ್ಷ ಆಗಿಲ್ಲ ಅದು." ಸೈಕಲ್ಲಿನಿಂದ ಹೊಸ ದೀಪವನ್ನು ತಾನೇ ಬಿಚ್ಚಿ ಮೇಜಿನ ಮೇಲಿಟ್ಟಳು. "ಇದನ್ನ ಎತ್ತಿಡಪ್ಪ. ಈ ಏಳನ್ನೂ ಆನ್ ಮಾಡಿ ನನ್ನ ಕ್ಯಾರಿಯರಿಗೆ ಕಟ್ಟು. ಮ್ಯಾನೇಜರ ಮೇಜಿನ ಮೇಲಿಟ್ಟು, ನಂಗೆ ಕೇಳ್ಸಲ್ಲ ಅಂತ ಹೇಳ್ತೀನಿ."

"ಕೆಲಸ ಹೋಗುತ್ತಮ್ಮಾ!"

"ಹೋದ್ರೆ ಹೋಗ್ಲಿ ಅನ್ನೋ ಧೈರ್ಯ ನಂಗಿಲ್ಲ ಮಗಳೇ. ಆದ್ರೆ ಗುಬ್ಬಚ್ಚಿಗೆ ಕೈ ಎತ್ತೋದು ಕಲಿಸಿದ್ದು ನಾನು."

ರಿಪೇರಿಯವನು ಹಳೆಯ ಟ್ಯೂಬಿನ ಪಟ್ಟಿಗಳಿಂದ ಏಳು ದೀಪಗಳನ್ನೂ ಪೆಟ್ಟಿಗೆಗಳನ್ನೂ ಬಿಗಿದ. ಮಗಳು ತನ್ನ ಸೈಕಲ್ಲನ್ನು ಅಮ್ಮನ ಬಲಕ್ಕೆ ತಂದು, ಗಾಡಿಗಳಿಗೆ ತಾನು ಅಡ್ಡವಾಗುವಂತೆ ಹೊರಟಳು. ಗಿರಣಿಯ ರಸ್ತೆಗೆ ತಿರುಗುತ್ತಲೇ ಹಿಂದಿನಿಂದ ಬಸ್ಸೊಂದು ಬಂತು. ಏಳೂ ಒಟ್ಟಿಗೆ ಚೀರಿಕೊಂಡವು. ಅಂಗಡಿಯವರು ಹೊರಗೆ ಇಣುಕಿದರು, ನಡೆಯುವವರು ನಿಂತರು, ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಮೂಡಿದವು. ಬೀದಿಗೆ ಬೀದಿಯೇ ತಿರುಗಿ ನೋಡುತ್ತಿತ್ತು. ಮಗ್ಗದಾಕೆ ಮಾತ್ರ ಏನೂ ಆಗಿಲ್ಲವೆಂಬಂತೆ ಪೆಡಲು ತುಳಿಯುತ್ತಿದ್ದಳು.